ಒಂದೇ ಬಂಡೆ, ನಾಲ್ಕು ವಯಸ್ಸು

ಗಂಗೋತ್ರಿಯಿಂದ ಗೋಮುಖ ದಾಟಿ ತಪೋವನದವರೆಗೆ ಹೋದವರಿಗೆ 6,543 ಮೀಟರ್ ಎತ್ತರದ ಶಿವಲಿಂಗ ಶಿಖರ ಚೆನ್ನಾಗಿ ಗೊತ್ತು. ಅದರ ಮೈಯೆಲ್ಲ ಬಿಳಿ ಗ್ರಾನೈಟ್. ಹತ್ತಿರದಿಂದ ನೋಡಿದರೆ ಕಾಗೆಬಂಗಾರದ ಹೊಳಪು, ಟೂರ್ಮಲೀನಿನ ಕಪ್ಪು ಕಡ್ಡಿಗಳು, ಅಲ್ಲಲ್ಲಿ ಗಾರ್ನೆಟ್ಟಿನ ಕೆಂಪು ಚುಕ್ಕೆ. ಅದರ ಕೆಳಗೆ, ಗಂಗೋತ್ರಿ ಊರಿನತ್ತ ಇಳಿದಂತೆ, ಬೆಂದು ಹಿಂಡಿಹೋದ ಪದರುಗಲ್ಲುಗಳು ಸಿಗುತ್ತವೆ. ಅವೆಲ್ಲ ಒಂದು ಕಾಲದಲ್ಲಿ ಕಡಲ ತಳದ ಕೆಸರು ಮತ್ತು ಮರಳು.

ಈ ಕಲ್ಲುಗಳಿಗೆ ಎಷ್ಟು ವರ್ಷ ಎಂದು ಕೇಳಿದರೆ ಭೂವಿಜ್ಞಾನಿ ತಿರುಗಿ ಕೇಳುತ್ತಾರೆ: ಯಾವ ಘಟನೆಯ ವರ್ಷ ಬೇಕು? ಕೆಸರು ಕೂತದ್ದೋ, ಆಳಕ್ಕೆ ಹೋಗಿ ಬೆಂದದ್ದೋ, ಕರಗಿದ್ದೋ, ಆರಿದ್ದೋ? ಪ್ರತಿಯೊಂದಕ್ಕೂ ಗಡಿಯಾರ ಬೇರೆ.

ಯಂತ್ರಕ್ಕಿಂತ ಮೊದಲು ಕಣ್ಣಿನ ಕೆಲಸ. ಗ್ರಾನೈಟಿನ ಸೀಳೊಂದು ಪದರುಗಳನ್ನು ಅಡ್ಡಲಾಗಿ ಕತ್ತರಿಸಿಕೊಂಡು ಹೋಗಿದ್ದರೆ ಅದು ಪದರುಗಳಿಗಿಂತ ಕಿರಿಯದು. ಸೀಳೇ ಪದರುಗಳ ಜೊತೆ ಮಡಿಸಿ ಹಿಂಡಿಹೋಗಿದ್ದರೆ ಒತ್ತಡ ಇನ್ನೂ ನಡೆಯುತ್ತಿದ್ದಾಗಲೇ, ಅಥವಾ ಅದಕ್ಕೂ ಮೊದಲೇ, ಬಂದದ್ದು. ಈ ಟಿಪ್ಪಣಿ ಇಲ್ಲದೆ ತಂದ ಕಲ್ಲಿನಿಂದ ಎಷ್ಟೇ ನಿಖರವಾದ ಅಂಕಿ ಬಂದರೂ ನನ್ನ ಮಟ್ಟಿಗೆ ಅದು ಅರ್ಧ ಕೆಲಸ.

ಆಮೇಲೆ ಪ್ರಯೋಗಾಲಯ. ಕೆಲವು ಕಿಲೋ ಕಲ್ಲನ್ನು ಪುಡಿ ಮಾಡಿ, ಅಲುಗಾಡುವ ಮೇಜಿನ ಮೇಲೆ ನೀರು ಹಾಯಿಸುತ್ತಾರೆ. ಮೊರದಲ್ಲಿ ಕೇರಿದ ಹಾಗೆ ಹಗುರ ಕಣಗಳು ಹೋಗಿ ಭಾರದವು ಉಳಿಯುತ್ತವೆ. ಅಯಸ್ಕಾಂತದಿಂದಲೂ ಸಾಂದ್ರ ದ್ರವದಿಂದಲೂ ಮತ್ತೆ ಬೇರ್ಪಡಿಸಿ, ಸೂಕ್ಷ್ಮದರ್ಶಕದ ಕೆಳಗೆ ಜಿರ್ಕಾನ್ ಮತ್ತು ಮೊನಜೈಟ್ ಹರಳುಗಳನ್ನು ಒಂದೊಂದಾಗಿ ಆರಿಸುತ್ತಾರೆ. ಅವನ್ನು ಅಂಟಿನಲ್ಲಿ ಕೂರಿಸಿ, ಅರ್ಧಕ್ಕೆ ಉಜ್ಜಿ ಒಳಮೈ ತೆರೆದು, ಹತ್ತಾರು ಮೈಕ್ರಾನ್ ಅಗಲದ ಲೇಸರ್ ಅಥವಾ ಅಯಾನು ಕಿರಣ ಹಾಯಿಸಿ, ಎದ್ದ ಪರಮಾಣುಗಳನ್ನು ಎಣಿಸುತ್ತಾರೆ.

ಎಣಿಸುವುದು ಯುರೇನಿಯಂ ಮತ್ತು ಸೀಸವನ್ನು. ಯುರೇನಿಯಂ-238 ಕೊನೆಗೆ ಸೀಸ-206 ಆಗುತ್ತದೆ. ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ. ಜಿರ್ಕಾನ್ ಬೆಳೆಯುವಾಗ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸಕ್ಕೆ ಜಾಗ ಕೊಡುವುದಿಲ್ಲ. ಹಾಗಾಗಿ ಈಗ ಕಾಣುವ ಸೀಸ ಹೆಚ್ಚುಕಡಿಮೆ ಎಲ್ಲವೂ ಒಳಗೇ ಹುಟ್ಟಿದ್ದು. ನಮ್ಮ ರಾಮನಗರದ ಬಂಡೆಗಳಿರುವ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 252 ಕೋಟಿ ವರ್ಷ. ಅಲ್ಲಿನ ಜಿರ್ಕಾನಿನಲ್ಲಿ ಉಳಿದಿರುವ ಪ್ರತಿ ಸಾವಿರ ಯುರೇನಿಯಂ-238 ಪರಮಾಣುಗಳಿಗೆ 480ರಷ್ಟು ಸೀಸ-206 ಇರಬೇಕು. ಶಿವಲಿಂಗದ ಗ್ರಾನೈಟಿಗೆ ಸುಮಾರು 2.3 ಕೋಟಿ ವರ್ಷ; ಸಾವಿರಕ್ಕೆ ಮೂರೂವರೆ ಮಾತ್ರ. ಎಳೆಯ ಪರ್ವತದ ಕಲ್ಲನ್ನು ಅಳೆಯುವವರು ಇಷ್ಟು ಸಣ್ಣ ಲೆಕ್ಕದ ಮೇಲೆ ಬದುಕುತ್ತಾರೆ.

ಹಿಮಾಲಯದ ಗ್ರಾನೈಟಿನಲ್ಲಿ ಇನ್ನೊಂದು ತೊಡಕಿದೆ. ಇದು ಕೆಸರುಗಲ್ಲು ಸುಮಾರು 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಹುಟ್ಟಿದ್ದು. ಅಷ್ಟು ಕಾವಿಗೆ ಹಳೆಯ ಜಿರ್ಕಾನ್ ಪೂರ್ತಿ ಕರಗುವುದಿಲ್ಲ. ಅದರ ಮೇಲೆ ಹೊಸ ತೆಳು ಪದರ ಬೆಳೆಯುತ್ತದೆ. ಹರಳಿನ ನಡುವೆ ಕಿರಣ ಬಿದ್ದರೆ ಐವತ್ತು ಕೋಟಿ, ನೂರು ಕೋಟಿ ವರ್ಷಗಳೆಂಬ ಉತ್ತರ ಬರುತ್ತದೆ. ಅದು ಕೆಸರು ಎಲ್ಲಿಂದ ಹರಿದು ಬಂತೆಂಬುದರ ಸುಳಿವು, ಗ್ರಾನೈಟಿನ ವಯಸ್ಸಲ್ಲ. ಅಂಚನ್ನೇ ಹುಡುಕಿ ಅಳೆಯಬೇಕು. ಹಿಂದೆ ಇಡೀ ಹರಳನ್ನು ಆಮ್ಲದಲ್ಲಿ ಕರಗಿಸಿದಾಗ ಎರಡೂ ಬೆರೆತು, ಯಾವ ಘಟನೆಗೂ ಸೇರದ ವಯಸ್ಸು ಬರುವ ಅಪಾಯವಿತ್ತು.

ಆದ್ದರಿಂದ, ಇಂಥ ಹಳೆಯ ತಿರುಳನ್ನು ಕಡಿಮೆ ಉಳಿಸಿಕೊಳ್ಳುವ ಮೊನಜೈಟಿಗೆ ಹೆಚ್ಚು ಬೆಲೆ. ಅದರದ್ದೂ ಒಂದು ತರಲೆ ಇದೆ. ಮೊನಜೈಟ್ ಥೋರಿಯಂ ಪ್ರಿಯ. ಸೀಸ-206ಕ್ಕೆ ಹೋಗುವ ದಾರಿಯಲ್ಲಿ ಬರುವ ಥೋರಿಯಂ-230ನ್ನೂ ಹುಟ್ಟುವಾಗಲೇ ಹೆಚ್ಚಾಗಿ ಸೆಳೆದುಕೊಳ್ಳುತ್ತದೆ. ಅದೂ ಸೀಸವಾಗಿ, ಕಲ್ಲು ಇರುವುದಕ್ಕಿಂತ ಮುದುಕನಂತೆ ಕಾಣುತ್ತದೆ. 1984ರಲ್ಲಿ ಉರ್ಸ್ ಶೇರರ್ ಮಕಾಲು ಶಿಖರದ ಗ್ರಾನೈಟಿನಲ್ಲಿ ಇದನ್ನು ತೋರಿಸಿದರು. ಪರಿಹಾರ ಸರಳ: ಯುರೇನಿಯಂ-235 ಮತ್ತು ಸೀಸ-207ರ ಜೋಡಿಯನ್ನೋ, ಥೋರಿಯಂ-232 ಮತ್ತು ಸೀಸ-208ರ ಜೋಡಿಯನ್ನೋ ನೆಚ್ಚಿಕೊಳ್ಳುವುದು.

ಬೆಂದ ಕಾಲವನ್ನು ಹಿಡಿಯಲೂ ಮೊನಜೈಟೇ ಬೇಕು, ಜೊತೆಗೆ ಗಾರ್ನೆಟ್. ಗಾರ್ನೆಟ್ ಬೆಳೆಯುವಾಗ ಸುತ್ತಲಿನ ಯಿಟ್ರಿಯಂ ಅನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಆಗ ಬೆಳೆದ ಮೊನಜೈಟಿಗೆ ಯಿಟ್ರಿಯಂ ಕೊರತೆ. ಮುಂದೆ ಕಲ್ಲು ಮೇಲೇರಿ ಗಾರ್ನೆಟ್ ಒಡೆದಾಗ ಬೆಳೆಯುವ ಮೊನಜೈಟಿನಲ್ಲಿ ಯಿಟ್ರಿಯಂ ಮತ್ತೆ ಹೆಚ್ಚುತ್ತದೆ. ಹೀಗೆ ಒಂದೇ ಹರಳಿನ ಒಳವಲಯ ಇಳಿಯುವಾಗಿನದು, ಹೊರವಲಯ ಏರುವಾಗಿನದು ಎಂದು ಓದಬಹುದು. ಗಾರ್ನೆಟ್ಟನ್ನೇ ಲುಟೀಷಿಯಂ–ಹಾಫ್ನಿಯಂ ವಿಧಾನದಲ್ಲಿ ಅಳೆಯುವುದೂ ಉಂಟು.

ಹೀಗೆ ಜೋಡಿಸಿದ ಕಾಲಕ್ರಮದ ಪ್ರಕಾರ ಭಾರತ ಮತ್ತು ಏಷ್ಯಾ ಸುಮಾರು 5 ಕೋಟಿ ವರ್ಷಗಳ ಹಿಂದೆ ಡಿಕ್ಕಿ ಹೊಡೆದವು. ಉನ್ನತ ಹಿಮಾಲಯದ ಕಲ್ಲುಗಳು ಆಳದಲ್ಲಿ ಬೆಂದದ್ದು 3.5ರಿಂದ 3 ಕೋಟಿ ವರ್ಷಗಳ ಹಿಂದಿನ ಆಸುಪಾಸಿನಲ್ಲಿ. ಬಿಳಿ ಗ್ರಾನೈಟುಗಳಲ್ಲಿ ಬಹುಪಾಲು ಹುಟ್ಟಿದ್ದು 2.4 ಮತ್ತು 1.5 ಕೋಟಿ ವರ್ಷಗಳ ನಡುವೆ. ಈ ಅಂತರವೇ ಮುಖ್ಯ. ಗ್ರಾನೈಟ್ ಬಂದು ಸುತ್ತಲಿನ ಕಲ್ಲನ್ನು ಬೇಯಿಸಿತು ಎಂಬ ಊಹೆ ಇಲ್ಲಿ ನಿಲ್ಲುವುದಿಲ್ಲ. ದಪ್ಪಗಾದ ನೆಲ ತನ್ನೊಳಗಿನ ವಿಕಿರಣದ ಕಾವಿನಿಂದ ಮೆಲ್ಲಗೆ ಬೆಂದು, ಬಳಿಕ ಮೇಲೇರುತ್ತ ಒತ್ತಡ ಇಳಿದಾಗ ಕಾಗೆಬಂಗಾರ ಒಡೆದು, ಕರಗಿದ ರಸವಾಗಿ ಗ್ರಾನೈಟ್ ಹೊರಬಂತು.

ಆರಿದ ಕಾಲ ಕಾಗೆಬಂಗಾರದಲ್ಲಿ, ಅಂದರೆ ಅಭ್ರಕದಲ್ಲಿದೆ. ಪೊಟ್ಯಾಸಿಯಂ-40ರಿಂದ ಹುಟ್ಟುವ ಆರ್ಗಾನ್ ಅನಿಲ ಬಿಳಿ ಅಭ್ರಕದಲ್ಲಿ ನಿಲ್ಲುವುದು ಸುಮಾರು 400 ಡಿಗ್ರಿಗಿಂತ ಕೆಳಕ್ಕೆ ಇಳಿದ ಮೇಲೆಯೇ. ಕರಿ ಅಭ್ರಕದಲ್ಲಿ ಇನ್ನೂ ನೂರು ಡಿಗ್ರಿಯಷ್ಟು ಕೆಳಗೆ. ಶಿವಲಿಂಗದ ಬಿಳಿ ಅಭ್ರಕ ಕೊಡುವ ವಯಸ್ಸು 2.2 ಕೋಟಿಯ ಹತ್ತಿರ. ಅಂದರೆ 700ರಿಂದ 400 ಡಿಗ್ರಿಗೆ ಇಳಿಯಲು ಹಿಡಿದದ್ದು ಹೆಚ್ಚೆಂದರೆ ಹತ್ತಿಪ್ಪತ್ತು ಲಕ್ಷ ವರ್ಷ. ಭೂಮಿಯ ಲೆಕ್ಕದಲ್ಲಿ ಇದು ಧಾವಂತ.

ಇಷ್ಟು ಬೇಗ ಆರಬೇಕಾದರೆ ಮೇಲಿನ ಛಾವಣಿ ಸರಿದಿರಬೇಕು. ಉನ್ನತ ಹಿಮಾಲಯದ ಉತ್ತರ ಅಂಚಿನಲ್ಲಿ ದಕ್ಷಿಣ ಟಿಬೆಟ್ ಸ್ತರಭಂಗವಿದೆ. ಅದರ ಮೇಲಿನ ಕಲ್ಲುಗಳು ಉತ್ತರಕ್ಕೆ ಜಾರಿದವು. ಎವರೆಸ್ಟ್ ಸುತ್ತಮುತ್ತ ಈ ಸ್ತರಭಂಗ ಗ್ರಾನೈಟ್ ಹಾಳೆಗಳನ್ನು ಹಿಂಡಿರುವುದು ಕಾಣುತ್ತದೆ. ಹಿಂಡಿದ ಹಾಳೆಯ ವಯಸ್ಸು ಗೊತ್ತಾದರೆ ಜಾರುವಿಕೆ ಅದರ ನಂತರವೂ ನಡೆದಿತ್ತೆಂದು ಖಚಿತ. ಹಿಂಡಿದ ಪದರನ್ನು ಕತ್ತರಿಸಿಕೊಂಡು ಹೋದ, ತಾನು ಹಿಂಡಿಹೋಗದ ಸೀಳು ಸಿಕ್ಕರೆ ಅಷ್ಟರೊಳಗೆ ಅಲ್ಲಿನ ಚಲನೆ ನಿಂತಿತ್ತೆಂದು ಖಚಿತ.