ಹಿಕ್ಕೆ ಹೇಳುವ ಲೆಕ್ಕ

ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ರಜೆಗೆಂದು ನಮ್ಮೂರು ಸಂಗನಕಲ್ಲಿಗೆ ಬಂದಿದ್ದೆ. ಒಂದು ಬೆಳಿಗ್ಗೆ ದೊಡ್ಡಪ್ಪನ ಕುರಿ ರೊಪ್ಪದ ಹತ್ತಿರ ಜನ ಸೇರಿದ್ದರು. ಎರಡು ಮರಿ ಸತ್ತು ಬಿದ್ದಿದ್ದವು. ಇನ್ನೊಂದರ ಪತ್ತೆಯೇ ಇರಲಿಲ್ಲ. ‘ಚಿರತೆದೇ ಕೆಲಸ’ ಎಂದರು ಒಬ್ಬರು. ‘ಇಲ್ಲ, ತ್ವಾಳ’ ಎಂದರು ಇನ್ನೊಬ್ಬರು. ‘ಬೀದಿನಾಯಿ ಇರಬೇಕು ನೋಡ್ರಿ’ ಎಂದರು ಮತ್ತೊಬ್ಬರು. ಅಷ್ಟರಲ್ಲಿ ನನ್ನ ವಯಸ್ಸಿನ ಹುಡುಗನೊಬ್ಬ, ‘ಸತ್ತ ಮರಿಗೆ ಔಷಧಿ ಹಾಕಿ ಇಡ್ರಿ. ಯಾವುದರ ಬರಲಿ, ತಿಂದು ಸಾಯ್ತತಿ’ ಎಂದ. ಇಲ್ಲಿ ಔಷಧಿ ಎಂದರೆ ಹೊಲಕ್ಕೆ ಹೊಡೆಯುವ ಕೀಟನಾಶಕ. ದೊಡ್ಡಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಮಧ್ಯಾಹ್ನ ಅರಣ್ಯ ಇಲಾಖೆಯ ಸಿಬ್ಬಂದಿಯೊಬ್ಬರು ಬಂದರು. ಹೆಜ್ಜೆ ಹುಡುಕುತ್ತಾ ಗುಡ್ಡದ ಕಾಲುದಾರಿಯಲ್ಲಿ ಸ್ವಲ್ಪ ದೂರ ಹೋದೆವು. ಬಂಡೆಯ ಪಕ್ಕ ಒಣಗಿದ ಹಿಕ್ಕೆ ಬಿದ್ದಿತ್ತು, ಅದರೊಳಗೆ ಕೂದಲು ಕಾಣುತ್ತಿತ್ತು. ನಾನು ಕೈ ಚಾಚಿದೆ. ‘ಬರಿಗೈಲೆ ಮುಟ್ಟಬ್ಯಾಡ್ರಿ, ಜಂತು ಇರ್ತಾವು’ ಎಂದು ತಡೆದು, ಅವರು ಹೇಳಿದರು: ‘ತಾಜಾ ಇದ್ದು ಲ್ಯಾಬಿಗೆ ಹೋದರ, ಯಾವ ಪ್ರಾಣಿ ಅಂತ ಇದರಾಗಿಂದಲೇ ಹೇಳ್ತಾರಂತ.’

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಉಳಿದ ರಜೆಯೆಲ್ಲ ಅದನ್ನು ಓದುವುದರಲ್ಲೇ ಕಳೆಯಿತು.

ಸಂಗತಿ ಇಷ್ಟು. ಆಹಾರ ಕರುಳಿನಲ್ಲಿ ಸಾಗುವಾಗ ಕರುಳಿನ ಒಳಪದರದ ಜೀವಕೋಶಗಳು ಉದುರಿ ಹಿಕ್ಕೆಯ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ಆ ಕೋಶಗಳಲ್ಲಿ ಪ್ರಾಣಿಯ ಡಿಎನ್‌ಎ ಇರುತ್ತದೆ. ಪ್ರಾಣಿಯನ್ನು ಹಿಡಿಯಬೇಕಿಲ್ಲ, ಅರಿವಳಿಕೆ ಕೊಡಬೇಕಿಲ್ಲ, ಕಣ್ಣಿಂದ ನೋಡುವುದೂ ಬೇಕಿಲ್ಲ. ಮೇಲ್ಪದರವನ್ನು ಕೆರೆದು ತೆಗೆದು, ಡಿಎನ್‌ಎ ಬೇರ್ಪಡಿಸಿ, ಪಿಸಿಆರ್ ಯಂತ್ರದಲ್ಲಿ ಅದರ ಪ್ರತಿಗಳನ್ನು ಲಕ್ಷಾಂತರವಾಗಿ ಹೆಚ್ಚಿಸುತ್ತಾರೆ. ಮೊದಲ ಪರೀಕ್ಷೆ ಇದು ಹುಲಿಯೋ ಚಿರತೆಯೋ ತೋಳವೋ ಎಂದು ಹೇಳುತ್ತದೆ. ಮುಂದಿನದು ಗಂಡೋ ಹೆಣ್ಣೋ ಎಂದು. ಆಮೇಲಿನದು ಇದು ಯಾವ ಹುಲಿ ಎಂದು. ನಮ್ಮ ಬೆರಳಚ್ಚಿನ ಹಾಗೆ ಒಂದೊಂದು ಪ್ರಾಣಿಯ ಡಿಎನ್‌ಎ ಗುರುತೂ ಬೇರೆ ಬೇರೆ. ಕುರಿಯ ಮೈಮೇಲಿನ ಹಲ್ಲಿನ ಗಾಯದಲ್ಲಿ ಉಳಿದ ಜೊಲ್ಲಿನಿಂದಲೂ ಕಚ್ಚಿದ್ದು ಯಾವ ಪ್ರಾಣಿ ಎಂದು ಪತ್ತೆ ಮಾಡಬಹುದು.

ಇದು ಹೊರದೇಶದ ಕಥೆಯಲ್ಲ, ನಮ್ಮ ಬಂಡೀಪುರದ್ದು. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಉಮಾ ರಾಮಕೃಷ್ಣನ್, ಸಾಮ್ರಾಟ್ ಮಂಡಲ್ ಮತ್ತು ಹುಲಿ ತಜ್ಞ ಉಲ್ಲಾಸ ಕಾರಂತರ ತಂಡ ಅಲ್ಲಿ ಹುಲಿ ಹಿಕ್ಕೆ ಸಂಗ್ರಹಿಸಿ ಲೆಕ್ಕ ಹಾಕಿತು. ಅದೇ ಕಾಡಿನಲ್ಲಿ ಕ್ಯಾಮೆರಾ ಟ್ರ್ಯಾಪ್‌ನಿಂದಲೂ ಲೆಕ್ಕ ಸಿಕ್ಕಿತ್ತು. 2009ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಅಂದಾಜುಗಳು ಹೆಚ್ಚುಕಡಿಮೆ 66 ಹುಲಿಗಳಿಗೆ ಬಂದು ನಿಂತಿದ್ದವು! ಬೇರೆ ಬೇರೆ ಎರಡು ದಾರಿ, ಒಂದೇ ಉತ್ತರ. ಹಿಂದೆ ಹೆಜ್ಜೆ ಗುರುತನ್ನಷ್ಟೇ ನಂಬಿ ಎಣಿಸುತ್ತಿದ್ದ ಕಾಲದಲ್ಲಿ, ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದವು. 2004–05ರ ಹೊತ್ತಿಗೆ ನೋಡಿದರೆ ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. ಸರಿಯಾದ ಲೆಕ್ಕ ಎಷ್ಟು ಮುಖ್ಯ ಎಂಬುದಕ್ಕೆ ಇಷ್ಟು ಸಾಕು.

ಎಲ್ಲ ಹುಲಿಗಳ ಹಿಕ್ಕೆಯೂ ಸಿಗುವುದಿಲ್ಲವಲ್ಲ, ಮತ್ತೆ ಎಣಿಸುವುದು ಹೇಗೆ? ಇಲ್ಲಿ ನಮ್ಮ ಗಣಿತ ಬರುತ್ತದೆ. ಮೊದಲ ಸುತ್ತಿನಲ್ಲಿ 20 ಪ್ರಾಣಿಗಳ ಗುರುತು ಸಿಕ್ಕಿತು ಎನ್ನಿ. ಎರಡನೇ ಸುತ್ತಿನಲ್ಲಿಯೂ 20 ಸಿಕ್ಕವು, ಅವುಗಳಲ್ಲಿ 10 ಹಳೆಯವೇ. ಅಂದರೆ ಮೊದಲು ಗುರುತಿಸಿದ 20 ಒಟ್ಟು ಸಂಖ್ಯೆಯ ಅರ್ಧದಷ್ಟು. ಹಾಗಾಗಿ ಒಟ್ಟು ಸುಮಾರು 40. ಸಂಭವನೀಯತೆಯ ಪಾಠವನ್ನು ಪಾಸಾಗಲೆಂದಷ್ಟೇ ಓದಿದ್ದ ನನಗೆ, ಅದು ಕಾಡಿನಲ್ಲಿ ಕೆಲಸ ಮಾಡುವುದನ್ನು ಕಂಡು ಮೈ ಜುಮ್ಮೆಂದಿತು.

ಕಷ್ಟಗಳೂ ಇವೆ. ಬಿಸಿಲು, ಮಳೆ ಎರಡೂ ಡಿಎನ್‌ಎಯನ್ನು ತುಂಡುತುಂಡು ಮಾಡುತ್ತವೆ. ನಮ್ಮ ಬಳ್ಳಾರಿ ಬಿಸಿಲಿನ ಬಗ್ಗೆ ಹೇಳಬೇಕೇ? ಹಿಕ್ಕೆ ತಾಜಾ ಇರುವಾಗಲೇ ಆಲ್ಕೋಹಾಲ್‌ನಲ್ಲೋ ಸಿಲಿಕಾ ಜೆಲ್‌ನಲ್ಲೋ ಹಾಕಿಡಬೇಕು. ಹಾಳಾದ ಮಾದರಿ ತಪ್ಪು ಉತ್ತರ ಕೊಡಬಹುದು. ಆಗ ಒಂದೇ ಹುಲಿ ಎರಡಾಗಿ ಕಾಣುತ್ತದೆ. ಅದಕ್ಕೇ ಒಂದೇ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡುತ್ತಾರೆ. ಸಂರಕ್ಷಿತ ಅರಣ್ಯದಲ್ಲಿ ಅನುಮತಿ ಇಲ್ಲದೆ ಏನನ್ನೂ ಹೆಕ್ಕುವಂತಿಲ್ಲ. ಇದನ್ನು ಉತ್ಸಾಹಿ ಗೆಳೆಯರು ನೆನಪಿಡಬೇಕು.

ನಮ್ಮ ಭಾಗಕ್ಕೆ ಇದು ಯಾಕೆ ಬೇಕು? 2022ರ ಅಂದಾಜಿನಂತೆ ಕರ್ನಾಟಕದಲ್ಲಿ 1,879 ಚಿರತೆಗಳಿವೆ. ದರೋಜಿಯಲ್ಲಿ ಕರಡಿಗಳಿಗೆಂದೇ 1994ರಲ್ಲಿ ಧಾಮ ಘೋಷಣೆಯಾಯಿತು. ಪಕ್ಕದ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿವೆ. ಇವುಗಳಿಗೆ ದಟ್ಟ ಕಾಡೇ ಬೇಕೆಂದಿಲ್ಲ. ಬಂಡೆಗುಡ್ಡ, ಕುರುಚಲು, ಕುರಿಗಾಹಿಗಳ ಬಯಲು ಇವುಗಳ ಮನೆ. ಚಿರತೆಯನ್ನು ಮೈಮೇಲಿನ ಚುಕ್ಕೆ ನೋಡಿ ಗುರುತಿಸಬಹುದು. ಚುಕ್ಕೆಯೂ ಇಲ್ಲದ, ಪಟ್ಟೆಯೂ ಇಲ್ಲದ ಕರಡಿ, ತೋಳಗಳ ಫೋಟೊ ಸಿಕ್ಕರೂ ಇದೇ ಅದು ಎನ್ನುವುದು ಕಷ್ಟ. ಅಲ್ಲಿ ಡಿಎನ್‌ಎಯೇ ಆಸರೆ. ಪುಣೆಯ ಕಡೆ ತೋಳ ಮತ್ತು ನಾಯಿ ಬೆರೆತ ತಳಿ ಇರುವುದನ್ನು ಖಚಿತಪಡಿಸಿದ್ದೂ ಡಿಎನ್‌ಎ ಪರೀಕ್ಷೆಯೇ. ಬೀದಿನಾಯಿಗಳು ಹೆಚ್ಚಿದಂತೆ ನಮ್ಮ ತೋಳಗಳಿಗೂ ಆ ಅಪಾಯ ತಪ್ಪಿದ್ದಲ್ಲ.

ಒಂದು ದಿನ ದೊಡ್ಡಪ್ಪ ನಕ್ಕರು. ‘ಎಂಜಿನಿಯರ್ ಓದಾಕ ಹಾಕಿದರ ಇವನು ಹಿಕ್ಕಿ ಬಗ್ಗೆ ಓದಾಕತ್ಯಾನ’ ಎಂದು. ನಾನು ನಮ್ಮೂರಿನ ಮಾತನ್ನೇ ನೆನಪಿಸಿದೆ. ಕುಡತಿನಿಯ ಬೂದಿಗುಡ್ಡವನ್ನು ಜನ ರಾಕ್ಷಸನನ್ನು ಸುಟ್ಟ ಬೂದಿ ಎನ್ನುತ್ತಿದ್ದರು. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅದು ದನದ ಸಗಣಿಯ ಬೂದಿ ಎಂದರು. ಮುಂದೆ ಪ್ರಯೋಗಾಲಯದ ಪರೀಕ್ಷೆಯೂ ಅದನ್ನೇ ಹೇಳಿತು. ನಮ್ಮ ಗುಡ್ಡಗಳಲ್ಲಿ ನವಶಿಲಾಯುಗದಲ್ಲಿ ದನ ಕಟ್ಟಿ ಬದುಕಿದ ಜನರ ಕಥೆ ತಿಳಿದದ್ದರಲ್ಲಿ ಆ ಸಗಣಿ ಬೂದಿಯ ಪಾಲೂ ದೊಡ್ಡದು. ‘ಹಂಗಂದ್ರ ಹೆಂಡಿಗೂ ಬೆಲೆ ಐತಿ ಅನ್ನು’ ಎಂದರು ದೊಡ್ಡಪ್ಪ.

ಕುರಿ ಸತ್ತ ದಿನದ ಮಾತಿಗೆ ಬರುತ್ತೇನೆ. ಆ ಸಂಜೆ ನಾನು ದೊಡ್ಡಪ್ಪನಿಗೆ ಕೇಳಿದ್ದು ಒಂದೇ ಪ್ರಶ್ನೆ: ‘ಕೊಂದಿದ್ದು ನಾಯಿ ಆಗಿದ್ದು, ಔಷಧಿ ತಿಂದು ಚಿರತೆ ಸತ್ತರ? ನಮ್ಮ ಕುರಿ ಕಾಯೋ ನಾಯೇ ತಿಂದರ?’ ಅವರು ಸುಮ್ಮನೆ ಎದ್ದು ಹೋಗಿ, ಕತ್ತಲಾಗುವ ಮೊದಲೇ ಸತ್ತ ಮರಿಗಳನ್ನು ಆಳವಾಗಿ ಹೂಳಿದರು. ಮರುವಾರ ರೊಪ್ಪದ ಮುಳ್ಳುಬೇಲಿಗೆ ತಂತಿ ಜಾಲರಿ ಸೇರಿತು, ಒಂದು ದೀಪವೂ ಬಂತು. ಗುಡ್ಡದ ಹಿಕ್ಕೆ ಹಳತಾಗಿದ್ದರಿಂದ ಲ್ಯಾಬಿಗೆ ಹೋಗಲಿಲ್ಲ. ಮರಿ ತಿಂದದ್ದು ಯಾರು ಎಂಬ ವಾದ ಕಟ್ಟೆಯ ಮೇಲೆ ಇನ್ನೂ ನಡೆದಿದೆ. ತಾಲ್ಲೂಕಿಗೊಂದು ಕಡೆ ಇಂಥ ಮಾದರಿ ತೆಗೆದಿಡುವ ಕಿಟ್, ಅದನ್ನು ಬಳಸಲು ಕಲಿತ ಒಬ್ಬ ಸಿಬ್ಬಂದಿ ಇದ್ದಿದ್ದರೆ ಆ ವಾದ ಅಲ್ಲಿಗೇ ಮುಗಿಯುತ್ತಿತ್ತು. ವಿಷದ ಮಾತು ಏಳುತ್ತಲೇ ಇರಲಿಲ್ಲ.

‘ಇದರಲ್ಲಿ ಕೆಲಸ ಸಿಗುತ್ತಾ?’ ಇದು ಅಮ್ಮನ ಪ್ರಶ್ನೆ. ನಿಮ್ಮದೂ ಇರಬಹುದು. ಕ್ಯಾಂಪಸ್ ಸೆಲೆಕ್ಷನ್ ಥರ ಸಲೀಸಲ್ಲ. ಆರಂಭದಲ್ಲಿ ಪ್ರಾಜೆಕ್ಟ್ ಕೆಲಸ, ಕಡಿಮೆ ಸಂಬಳ. ಆದರೆ ದಾರಿಗಳಿವೆ. ಬೆಂಗಳೂರಿನ ಎನ್‌ಸಿಬಿಎಸ್ ಮತ್ತು ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ ವನ್ಯಜೀವಿ ವಿಜ್ಞಾನದ ಎಂ.ಎಸ್ಸಿ. ಇದೆ. ಹೈದರಾಬಾದ್‌ನ ಸಿಸಿಎಂಬಿಯಲ್ಲಿ ವನ್ಯಜೀವಿಗಳ ಡಿಎನ್‌ಎಗೆಂದೇ ಪ್ರಯೋಗಾಲಯವಿದೆ. ಗೇಟ್‌ನಲ್ಲಿ ಪರಿಸರ ಮತ್ತು ವಿಕಾಸ ವಿಷಯದ ಪತ್ರಿಕೆಯೂ ಇದೆ. ಈಗ ಡಿಎನ್‌ಎ ದತ್ತಾಂಶ ಬೆಟ್ಟದಷ್ಟು ಬರುವುದರಿಂದ ಕೋಡಿಂಗ್, ಸಂಖ್ಯಾಶಾಸ್ತ್ರ ಬಲ್ಲವರು ಬೇಕೇ ಬೇಕು. ಅಂದಹಾಗೆ, ಉಲ್ಲಾಸ ಕಾರಂತರು ಮೊದಲು ಓದಿದ್ದು ಸುರತ್ಕಲ್‌ನಲ್ಲಿ, ಮೆಕ್ಯಾನಿಕಲ್ ಎಂಜಿನಿಯರಿಂಗ್!

ಈಗ ಐದನೇ ಸೆಮಿಸ್ಟರ್. ಪ್ಲೇಸ್‌ಮೆಂಟ್ ತಯಾರಿ ಬಿಟ್ಟಿಲ್ಲ, ಮನೆ ಪರಿಸ್ಥಿತಿ ಬಿಡಲು ಬಿಡುವುದೂ ಇಲ್ಲ. ಆದರೆ ಪ್ರತಿ ಭಾನುವಾರ ಎರಡು ಗಂಟೆ ಕೂತು, ಡಿಎನ್‌ಎ ದತ್ತಾಂಶ ಓದುವ ಪೈಥಾನ್ ಪ್ರೋಗ್ರಾಂ ಬರೆಯುವುದನ್ನು ಕಲಿಯುತ್ತಿದ್ದೇನೆ. ಊರಿಗೆ ಫೋನ್ ಮಾಡಿದಾಗ ದೊಡ್ಡಪ್ಪ ಕುರಿಗಳ ಲೆಕ್ಕ ಹೇಳಿ, ಕೊನೆಗೆ ಕೇಳುತ್ತಾರೆ: ‘ನಿನ್ನ ಹಿಕ್ಕಿ ಓದು ಎಲ್ಲಿಗೆ ಬಂತು?’