ಕೆರೆಯ ಹೂಳಿನ ಮೀಥೇನ್‌ಜನಕಗಳು: ಹೊಸ ಪ್ರಭೇದವೊಂದನ್ನು ಗುರುತಿಸುವ ಬಗೆ

ಹೆಬ್ಬಾಳ, ಯಲಹಂಕ, ಜಕ್ಕೂರು ಮೊದಲಾದ ಉತ್ತರ ಬೆಂಗಳೂರಿನ ಕೆರೆಗಳು ಮಳೆನೀರಿನ ಸಂಗ್ರಹಕ್ಕೆಂದು ನಿರ್ಮಾಣಗೊಂಡವು. ನಗರ ವಿಸ್ತರಿಸಿದಂತೆ ಅವುಗಳಿಗೆ ಕೊಳಚೆ ನೀರೂ ಹರಿಯತೊಡಗಿತು. ತಳದಲ್ಲಿ ಶೇಖರವಾದ ಸಾವಯವ ಪದಾರ್ಥವನ್ನು ಕೊಳೆಯಿಸುವ ಬ್ಯಾಕ್ಟೀರಿಯಗಳು ಅಲ್ಲಿನ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಅನಂತರ ಕೊಳೆಯುವಿಕೆಯ ಕೊನೆಯ ಹಂತವನ್ನು ನಿರ್ವಹಿಸುವುದು ಮೀಥೇನ್‌ಜನಕಗಳು. ಇವು ಜಲಜನಕ ಹಾಗೂ ಇಂಗಾಲದ ಡೈಆಕ್ಸೈಡ್‌ನಿಂದ, ಇಲ್ಲವೆ ಅಸಿಟೇಟ್‌ನಂತಹ ಸರಳ ಸಂಯುಕ್ತಗಳಿಂದ ಮೀಥೇನನ್ನು ಉತ್ಪಾದಿಸುತ್ತವೆ. ಕೆರೆಯ ದುರ್ವಾಸನೆಗೆ ಮೀಥೇನೇ ಕಾರಣವೆಂಬ ಗ್ರಹಿಕೆ ಸರಿಯಲ್ಲ. ಮೀಥೇನಿಗೆ ವಾಸನೆಯಿಲ್ಲ, ನಾರುವುದು ಹೈಡ್ರೋಜನ್ ಸಲ್ಫೈಡ್ ಮುಂತಾದ ಅನಿಲಗಳು.

ಕೆಸರಿನಿಂದೇಳುವ ಈ ಅನಿಲವನ್ನು ಅಲೆಸ್ಸಾಂಡ್ರೊ ವೋಲ್ಟಾ 1776ರಲ್ಲಿಯೇ ಇಟಲಿಯ ಮಾಜೋರೆ ಸರೋವರದಲ್ಲಿ ಸಂಗ್ರಹಿಸಿದ್ದನು. ಅದನ್ನು ಉತ್ಪಾದಿಸುವ ಜೀವಿಗಳು ಬ್ಯಾಕ್ಟೀರಿಯಗಳಲ್ಲ, ಈಗ ಆರ್ಕಿಯ ಎನಿಸಿಕೊಂಡಿರುವ ಬೇರೊಂದು ವಂಶಕ್ಕೆ ಸೇರಿದವು ಎಂಬುದನ್ನು ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ತೋರಿಸಿಕೊಟ್ಟರು.

ಇವುಗಳನ್ನು ಪ್ರತ್ಯೇಕಿಸುವುದು ಸುಲಭವಲ್ಲ. ಆಮ್ಲಜನಕದ ಸಂಪರ್ಕ ಇವುಗಳಿಗೆ ಮಾರಕ. ಆದುದರಿಂದ ಹೂಳನ್ನು ಸೀಸೆಯ ಕಂಠದವರೆಗೂ ತುಂಬಿ, ಗಾಳಿಗೆ ಎಡೆಯಿಲ್ಲದಂತೆ ಮುಚ್ಚಿ ತರಬೇಕು. ರಾಬರ್ಟ್ ಹಂಗೇಟ್ ರೂಪಿಸಿದ ವಿಧಾನದಲ್ಲಿ ಆಮ್ಲಜನಕರಹಿತ ಅನಿಲ ತುಂಬಿದ ನಳಿಕೆಯ ಒಳಗೋಡೆಯ ಮೇಲೆ ಅಗರ್ ಪದರವನ್ನು ಹರಡಿ ಜೀವಿಗಳನ್ನು ಬೆಳೆಸಲಾಗುತ್ತದೆ. ಮಾಧ್ಯಮದಲ್ಲಿ ಬೆರೆಸಿದ ರೆಸಜುರಿನ್ ವರ್ಣವು ಗುಲಾಬಿಗೆ ತಿರುಗಿದರೆ ಆಮ್ಲಜನಕ ಒಳಸೇರಿದೆಯೆಂದು ತಿಳಿಯಬೇಕು. ಎಫ್420 ಎಂಬ ಸಹಕಿಣ್ವದಿಂದಾಗಿ ಅನೇಕ ಮೀಥೇನ್‌ಜನಕಗಳು ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ನೀಲಿ-ಹಸಿರಾಗಿ ಹೊಳೆಯುತ್ತವೆ.

ಹೊಳಪು ಕಂಡಿತೆಂದ ಮಾತ್ರಕ್ಕೆ ಕೃಷಿ ಶುದ್ಧವಾಗಿದೆಯೆಂದು ಭಾವಿಸುವಂತಿಲ್ಲ. ಎಚ್.ಎ. ಬಾರ್ಕರ್ 1940ರಲ್ಲಿ ವಿವರಿಸಿದ ಮೀಥೇನೊಬ್ಯಾಕ್ಟೀರಿಯಂ ಒಮೆಲಿಯಾನ್ಸ್ಕಿ ಎಥನಾಲಿನಿಂದ ಮೀಥೇನ್ ತಯಾರಿಸುವ ಒಂದೇ ಜೀವಿಯೆಂದು ಕಾಲು ಶತಮಾನಕ್ಕೂ ಮೀರಿ ನಂಬಲಾಗಿತ್ತು. ಅಲ್ಲಿದ್ದುದು ಎರಡು ಜೀವಿಗಳೆಂಬುದನ್ನು 1967ರಲ್ಲಿ ಬ್ರಯಂಟ್ ಮತ್ತು ಸಂಗಡಿಗರು ಪ್ರಕಟಿಸಿದರು. ಒಂದು ಎಥನಾಲನ್ನು ಅಸಿಟೇಟ್ ಹಾಗೂ ಜಲಜನಕವಾಗಿಸುತ್ತಿತ್ತು. ಆ ಜಲಜನಕವನ್ನು ಬಳಸಿ ಇನ್ನೊಂದು ಮೀಥೇನ್ ತಯಾರಿಸುತ್ತಿತ್ತು. ಜಲಜನಕ ಖರ್ಚಾಗದೆ ಉಳಿದರೆ ಮೊದಲನೆಯದರ ಬೆಳವಣಿಗೆಯೇ ಕುಂಠಿತವಾಗುವುದರಿಂದ ಇವೆರಡೂ ಒಟ್ಟಿಗೆ ಬಾಳುತ್ತಿದ್ದವು. ಹೂಳಿನಲ್ಲಿ ಇಂತಹ ಜೊತೆಗಾರಿಕೆ ಸಾಮಾನ್ಯ. ಬಿಡಿಸುವ ಕಷ್ಟವೂ ಅದರಿಂದಲೇ.

ಶುದ್ಧ ಕೃಷಿ ದೊರೆತ ಮೇಲೆ ಅದರ ಆಹಾರ, ಲವಣ ಸಹಿಷ್ಣುತೆ, ತಾಪಮಾನದ ಮಿತಿಗಳನ್ನು ದಾಖಲಿಸಬೇಕು. ಸ್ವಿಟ್ಜರ್ಲೆಂಡಿನ ಸೊಪ್ಪೆನ್ ಸರೋವರದ ಹೂಳಿನಿಂದ ದೊರೆತು 2001ರಲ್ಲಿ ಹೆಸರು ಪಡೆದ ಮೀಥೇನೊಸಾರ್ಸಿನ ಲಕುಸ್ಟ್ರಿಸ್ 1 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಬೆಳೆಯುತ್ತದೆ. ಬೆಂಗಳೂರಿನ ಬೆಚ್ಚನೆಯ ಹೂಳಿನಲ್ಲಿ ಜೀವಿಗೆ ಅಂತಹ ಚಳಿ ಎದುರಾಗುವುದೇ ಇಲ್ಲ. ಇದರೊಡನೆ 16ಎಸ್ ಆರ್‌ಎನ್‌ಎ ವಂಶವಾಹಿಯ ಹೋಲಿಕೆಯನ್ನೂ ನೋಡಲಾಗುತ್ತದೆ. ತಿಳಿದ ಪ್ರಭೇದಗಳೊಡನೆ ಅದು ಶೇ. 98.7ಕ್ಕಿಂತ ಕಡಿಮೆಯಿದ್ದರೆ ಹೊಸತೆಂಬ ವಾದಕ್ಕೆ ಬಲ ಬರುತ್ತದೆ. ಹೆಚ್ಚಿದ್ದರೆ ಇಡೀ ಜೀನೋಮನ್ನು ಹೋಲಿಸಬೇಕಾಗುತ್ತದೆ. ಕೊನೆಗೆ ಮಾದರಿ ತಳಿಯನ್ನು ಎರಡು ಬೇರೆ ಬೇರೆ ದೇಶಗಳ ಸಾರ್ವಜನಿಕ ಸಂಗ್ರಹಾಲಯಗಳಲ್ಲಿ ಜೀವಂತವಾಗಿ ಇರಿಸಿದ ಮೇಲೆಯೇ ಅಂತಾರಾಷ್ಟ್ರೀಯ ನಾಮಕರಣ ಸಂಹಿತೆಯಂತೆ ಹೆಸರು ಮಾನ್ಯವಾಗುತ್ತದೆ.