ಗುರುಭಕ್ತಿ ಮತ್ತು ಗುರುವಿಮರ್ಶೆ: ಶೂನ್ಯಸಂಪಾದನೆಯ ಹಿನ್ನೆಲೆಯಲ್ಲಿ

ಭಾರತೀಯ ಅಧ್ಯಾತ್ಮ ಪರಂಪರೆಗಳಲ್ಲಿ ಗುರುವಿಗೆ ಸಂದಿರುವ ಸ್ಥಾನ ಅತ್ಯುನ್ನತವಾದುದು. ವೀರಶೈವ ದರ್ಶನದ ಅಷ್ಟಾವರಣಗಳಲ್ಲಿ ಮೊದಲನೆಯದು ಗುರು. ಲಿಂಗ, ಜಂಗಮಗಳು ಅದರ ಅನಂತರದವು. ಇಂತಹ ಪರಂಪರೆಯಲ್ಲಿ ಶಿಷ್ಯನಾದವನು ಗುರುವನ್ನು ಪ್ರಶ್ನಿಸಬಹುದೇ, ಅವನ ನಡೆಯಲ್ಲಿ ಕಂಡ ಕೊರತೆಯನ್ನು ಬಾಯಿಬಿಟ್ಟು ಹೇಳಬಹುದೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಗುರುನಿಂದೆಯನ್ನು ಮಹಾಪಾಪವೆಂದು ಸಾರುವ ಶಾಸ್ತ್ರವಾಕ್ಯಗಳನ್ನಷ್ಟೇ ಗಮನಿಸಿದರೆ ಉತ್ತರ ನಿಷೇಧಾತ್ಮಕವಾಗಿ ತೋರುತ್ತದೆ. ಆದರೆ ಕನ್ನಡ ನಾಡಿನ ಗ್ರಂಥಗಳು ದಾಖಲಿಸಿರುವ ಪ್ರಸಂಗಗಳನ್ನು ಪರಿಶೀಲಿಸಿದಾಗ ಬೇರೊಂದು ಚಿತ್ರ ದೊರೆಯುತ್ತದೆ.

ಈ ದೃಷ್ಟಿಯಿಂದ ಶೂನ್ಯಸಂಪಾದನೆ ಬಹುಮುಖ್ಯವಾದ ಆಕರ. ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಸಂವಾದರೂಪದಲ್ಲಿ ಹೆಣೆದ ಈ ಕೃತಿಯನ್ನು ಮೊದಲು ಸಂಕಲಿಸಿದವನು ಶಿವಗಣಪ್ರಸಾದಿ ಮಹಾದೇವಯ್ಯ. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ ಹಾಗೂ ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಪರಿಷ್ಕರಿಸಿ ವಿಸ್ತರಿಸಿದರು. ಶರಣರ ಕಾಲಕ್ಕೂ ಈ ಸಂಕಲನಗಳಿಗೂ ನಡುವೆ ಶತಮಾನಗಳ ಅಂತರವಿದೆ. ಅನುಭವಮಂಟಪದ ಚಾರಿತ್ರಿಕತೆಯ ಬಗೆಗೂ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಆದುದರಿಂದ ಇಲ್ಲಿಯ ಸಂವಾದಗಳನ್ನು ನಡೆದುದರ ಯಥಾವತ್ ವರದಿಯೆಂದು ಭಾವಿಸಲಾಗದು. ಆದರೂ ಒಂದು ಧಾರ್ಮಿಕ ಸಮುದಾಯವು ತನ್ನ ಅತ್ಯಂತ ಗೌರವಾನ್ವಿತ ವ್ಯಕ್ತಿಗಳನ್ನು ಪ್ರಶ್ನೆಗೆ ಗುರಿಯಾದವರಂತೆ ನೆನೆಯಲು ಬಯಸಿತೆಂಬುದೇ ಮಹತ್ತ್ವದ ಸಂಗತಿಯಾಗಿದೆ.

ಮುಕ್ತಾಯಕ್ಕನ ಪ್ರಸಂಗವನ್ನು ಮೊದಲು ನೋಡಬಹುದು. ಅಣ್ಣನೂ ಗುರುವೂ ಆಗಿದ್ದ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುತ್ತಿರುವ ಆಕೆಯ ಬಳಿಗೆ ಅಲ್ಲಮಪ್ರಭು ಬರುತ್ತಾನೆ. ಅವನ ಸಾಂತ್ವನವನ್ನು ಆಕೆ ಸುಮ್ಮನೆ ಸ್ವೀಕರಿಸುವುದಿಲ್ಲ. ಅರಿವು ನಿಜವಾಗಿ ನೆಲೆಗೊಂಡವನಿಗೆ ಮಾತಿನ ಹಂಗೇಕೆ, ಮಾತು ಉಳಿದಿರುವವನಲ್ಲಿ ದ್ವೈತವೂ ಉಳಿದಿಲ್ಲವೇ ಎಂಬುದು ಅವಳ ಆಕ್ಷೇಪದ ತಿರುಳು. ಅಲ್ಲಮನು ಆಕೆಯನ್ನು ಗದರಿಸಿ ಸುಮ್ಮನಾಗಿಸುವುದಿಲ್ಲ. ಒಂದೊಂದು ಸಂದೇಹಕ್ಕೂ ಉತ್ತರ ಕೊಡುತ್ತ ಹೋಗುತ್ತಾನೆ. ಸಂದೇಹ ತೀರಿದ ಮೇಲೆಯೇ ಆಕೆಯ ಒಪ್ಪಿಗೆ. ಗುರುವಿನ ಮಹಿಮೆ ಪ್ರಕಟವಾಗುವುದು ಶಿಷ್ಯೆಯ ಮೌನದಲ್ಲಲ್ಲ, ಅವಳ ಪ್ರಶ್ನೆಯನ್ನು ಎದುರಿಸುವ ಬಗೆಯಲ್ಲಿ ಎಂಬುದು ಇಲ್ಲಿಯ ಧ್ವನಿ.

ಸಿದ್ಧರಾಮನ ಪ್ರಸಂಗದಲ್ಲಿ ಸಮಸ್ಯೆಯ ಸಾಮಾಜಿಕ ಮುಖ ಗೋಚರಿಸುತ್ತದೆ. ಸೊನ್ನಲಿಗೆಯಲ್ಲಿ ಕೆರೆ, ದೇವಾಲಯಗಳನ್ನು ಕಟ್ಟಿಸುತ್ತ ಸಾವಿರಾರು ಜನರ ಆರಾಧನೆಗೆ ಪಾತ್ರನಾಗಿದ್ದ ಸಿದ್ಧರಾಮನನ್ನು ಅಲ್ಲಮನು ಒಡ್ಡರ ನಾಯಕನೆಂಬಂತೆ ಹೀಯಾಳಿಸಿ ಕರೆಯುತ್ತಾನೆ. ಆಗ ಅನುಯಾಯಿಗಳು ವಿಮರ್ಶಕನ ಮೇಲೆ ಕಲ್ಲು ತೂರುತ್ತಾರೆ. ಸಿದ್ಧರಾಮನೂ ಮೊದಲು ಕೋಪಾವಿಷ್ಟನೇ. ಆದರೆ ಕೋಪ ಇಳಿದ ಬಳಿಕ ಅವನು ಸಂವಾದಕ್ಕೆ ತೆರೆದುಕೊಳ್ಳುತ್ತಾನೆ. ಅಲ್ಲಮನೊಡನೆ ಕಲ್ಯಾಣಕ್ಕೆ ಬಂದು, ವಯಸ್ಸಿನಲ್ಲಿ ಕಿರಿಯನಾದ ಚೆನ್ನಬಸವಣ್ಣನಿಂದ ದೀಕ್ಷೆಯನ್ನು ಪಡೆಯುತ್ತಾನೆ. ಗುರುವು ತಾಳಿಕೊಳ್ಳಬಲ್ಲ ವಿಮರ್ಶೆಯನ್ನು ಅನುಯಾಯಿಗಳು ತಾಳಿಕೊಳ್ಳಲಾರದೆ ಹೋಗುವುದು ಎಲ್ಲ ಕಾಲದ ಅನುಭವ. ಕಲ್ಲೆಸೆತವನ್ನು ಭಕ್ತಿಯ ಲಕ್ಷಣವೆಂದು ಕೃತಿ ಕೊಂಡಾಡುವುದಿಲ್ಲವೆಂಬುದು ಗಮನಾರ್ಹ.

ವಿಮರ್ಶೆಯ ಮಾನದಂಡ ಯಾವುದು ಎಂಬುದು ಮುಂದಿನ ಪ್ರಶ್ನೆ. ಅನುಭಾವದ ನೆಲೆಯಲ್ಲಿ ಕೆಳಗಿರುವ ಶಿಷ್ಯನು ಮೇಲಿರುವ ಗುರುವನ್ನು ಅಳೆಯುವುದು ಹೇಗೆ ಸಾಧ್ಯ ಎಂಬುದು ಸಂಪ್ರದಾಯನಿಷ್ಠರ ಪ್ರಬಲ ಆಕ್ಷೇಪ. ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ವೈದ್ಯಶಾಸ್ತ್ರವನ್ನರಿಯದವನು ವೈದ್ಯನ ನಿದಾನವನ್ನು ಖಂಡಿಸಲಾರನೆಂಬುದು ಸರಿಯಷ್ಟೆ. ಆದರೆ ಅದೇ ವೈದ್ಯನು ಬಡರೋಗಿಯನ್ನು ಬಾಗಿಲಿನಿಂದ ಅಟ್ಟಿದರೆ ಅದು ತಪ್ಪೆಂದು ತಿಳಿಯಲು ವೈದ್ಯಶಾಸ್ತ್ರ ಬೇಕಾಗುವುದಿಲ್ಲ. ವಚನಕಾರರು ಇಂಥದೇ ವಿವೇಕವನ್ನು ತೋರಿದ್ದಾರೆ. ಗುರುವಾದರೂ ಕಾಯಕದಿಂದಲೇ ಮುಕ್ತನಾಗಬೇಕೆಂಬುದು ನುಲಿಯ ಚಂದಯ್ಯನ ನಿಲುವು. ಅಂಬಿಗರ ಚೌಡಯ್ಯನು ಧನದಾಸೆಯ ಗುರುಗಳನ್ನೂ ವೇಷಧಾರಿಗಳನ್ನೂ ನಿಷ್ಠುರವಾಗಿ ಖಂಡಿಸುತ್ತಾನೆ. ಆಯ್ದಕ್ಕಿ ಲಕ್ಕಮ್ಮ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ಆಸೆಯ ದೋಷ ತೋರಿಸಿ ಹಿಂದಕ್ಕೆ ಕಳುಹಿಸುತ್ತಾಳೆ. ಪತಿಯೆಂಬ ಗೌರವವಾಗಲಿ ಶರಣನೆಂಬ ಹಿರಿಮೆಯಾಗಲಿ ಅವಳ ಬಾಯಿ ಕಟ್ಟಲಿಲ್ಲ. ಈ ಮೂವರೂ ಪರೀಕ್ಷಿಸುವುದು ಕಣ್ಣಿಗೆ ಕಾಣುವ ನಡೆಯನ್ನು: ದುಡಿಮೆ, ಆಸೆ, ನುಡಿಗೂ ನಡೆಗೂ ಇರುವ ಅಂತರ. ಕಾಣದಿರುವ ಅನುಭಾವದ ವಿಷಯದಲ್ಲಿ ಮುಕ್ತಾಯಕ್ಕ ತೀರ್ಪು ನೀಡುವುದಿಲ್ಲ, ಪ್ರಶ್ನೆ ಕೇಳುತ್ತಾಳೆ. ಅರಿಯದ ವಿಷಯದಲ್ಲಿ ಪ್ರಶ್ನೆ, ಅರಿತ ವಿಷಯದಲ್ಲಿ ವಿಮರ್ಶೆ ಎಂಬ ಈ ವಿಂಗಡಣೆ ಮೇಲಿನ ಆಕ್ಷೇಪಕ್ಕೆ ಸಮರ್ಪಕವಾದ ಸಮಾಧಾನವಾಗಿದೆ.

ಈ ಮನೋಧರ್ಮ ಶರಣಪರಂಪರೆಗೆ ಮಾತ್ರ ಸೀಮಿತವಾದುದಲ್ಲ. ಹದಿಮೂರನೆಯ ಶತಮಾನದಲ್ಲಿ ಉಡುಪಿ ಸಮೀಪದ ಪಾಜಕದಲ್ಲಿ ಜನಿಸಿದ ಮಧ್ವಾಚಾರ್ಯರು ಅಚ್ಯುತಪ್ರೇಕ್ಷರಿಂದ ಸಂನ್ಯಾಸ ಪಡೆದರು. ಗುರುಗಳು ವಿಮುಕ್ತಾತ್ಮನ ‘ಇಷ್ಟಸಿದ್ಧಿ’ಯನ್ನು ಪಾಠ ಹೇಳಲು ತೊಡಗಿದಾಗ ಶಿಷ್ಯರು ಆರಂಭದ ಪದ್ಯದಲ್ಲಿಯೇ ಅನೇಕ ದೋಷಗಳನ್ನು ಎತ್ತಿ ತೋರಿಸಿದರೆಂದು ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ ವರ್ಣಿಸುತ್ತದೆ. ಅಚ್ಯುತಪ್ರೇಕ್ಷರು ಅಂತಹ ಶಿಷ್ಯನನ್ನು ತ್ಯಜಿಸದೆ ವೇದಾಂತಪೀಠದಲ್ಲಿ ಕುಳ್ಳಿರಿಸಿದರು. ಕಾಲಾಂತರದಲ್ಲಿ ಶಿಷ್ಯನ ಸಿದ್ಧಾಂತವನ್ನೇ ಅಂಗೀಕರಿಸಿದರು. ಮುಂದೆ ಮೇಲುಕೋಟೆಯಲ್ಲಿ ನೆಲಸಿದ ರಾಮಾನುಜಾಚಾರ್ಯರ ಅನುಭವ ಇದಕ್ಕೆ ವ್ಯತಿರಿಕ್ತವಾದುದು. ಕಂಚಿಯಲ್ಲಿ ಯಾದವಪ್ರಕಾಶರ ಬಳಿ ವ್ಯಾಸಂಗ ಮಾಡುತ್ತಿದ್ದಾಗ ಛಾಂದೋಗ್ಯೋಪನಿಷತ್ತಿನ ಒಂದು ಪದಕ್ಕೆ ಗುರುಗಳು ನೀಡಿದ ಅರ್ಥವನ್ನು ಒಪ್ಪದೆ ಅವರು ಬೇರೊಂದು ಅರ್ಥವನ್ನು ಸೂಚಿಸಿದರು. ಅದರಿಂದ ಕುಪಿತರಾದ ಗುರುಗಳು ಶಿಷ್ಯನ ಪ್ರಾಣಕ್ಕೇ ಸಂಚು ಹೂಡಿದರೆಂದು ಶ್ರೀವೈಷ್ಣವ ಗುರುಪರಂಪರಾ ಕಥನಗಳು ಹೇಳುತ್ತವೆ. ಕೊನೆಗೆ ಆ ಯಾದವಪ್ರಕಾಶರೇ ರಾಮಾನುಜರ ಶಿಷ್ಯರಾದರೆಂದೂ ತಿಳಿಸುತ್ತವೆ. ಈ ಕಥನಗಳು ವಿಜೇತ ಶಿಷ್ಯರ ಪಂಥದವರೇ ಬರೆದವು ಎಂಬುದನ್ನು ಮರೆಯಲಾಗದು. ಹಾಗಿದ್ದರೂ ಶಿಷ್ಯನ ಪ್ರಶ್ನೆ ಎರಡೂ ಕಡೆ ಒಂದೇ ಬಗೆಯದಾಗಿದ್ದು, ಪರಿಣಾಮವನ್ನು ನಿರ್ಧರಿಸಿದುದು ಗುರುವಿನ ಮನಸ್ಸು ಎಂಬುದು ಸ್ಪಷ್ಟ. ತನ್ನ ಆಚಾರ್ಯರ ಪ್ರಶ್ನೆಯನ್ನು ಹೆಮ್ಮೆಯಿಂದ ಸ್ಮರಿಸುವ ಪಂಥವು ಆ ಹಕ್ಕನ್ನು ತನ್ನ ಮುಂದಿನ ಶಿಷ್ಯರಿಗೂ ಉಳಿಸಿಕೊಡುವುದೇ ಎಂಬುದು ಅದರ ನಿಜವಾದ ಪರೀಕ್ಷೆ.

ವಿಮರ್ಶೆ ನಿಂದೆಯಾಗದಿರಲು ಈ ಪ್ರಸಂಗಗಳು ಕೆಲವು ಎಲ್ಲೆಗಳನ್ನೂ ಸೂಚಿಸುತ್ತವೆ. ಪ್ರಶ್ನಿಸುವವರೆಲ್ಲರೂ ತಾವೂ ಪ್ರಶ್ನೆಗೆ ಒಳಗಾಗಲು ಸಿದ್ಧರಿದ್ದಾರೆ. ಅಲ್ಲಮನ ಕಠಿಣ ಪರೀಕ್ಷೆಗೆ ಒಳಗಾದ ಅಕ್ಕಮಹಾದೇವಿ ಉತ್ತರಿಸಿ ಗೆಲ್ಲುತ್ತಾಳೆ, ಮುಕ್ತಾಯಕ್ಕನ ಮುಂದೆ ಅಲ್ಲಮನೇ ಉತ್ತರಿಸಬೇಕಾಗುತ್ತದೆ. ಮಾತು ಮರೆಯಲ್ಲಿ ನಡೆಯದೆ ಎದುರುಬದುರಾಗಿ ನಡೆಯುತ್ತದೆ. ಸತ್ಯದ ನಿರ್ಣಯ ಗುರಿಯೇ ಹೊರತು ವ್ಯಕ್ತಿಯ ತೇಜೋವಧೆಯಲ್ಲ. ಮಾತಿನ ಕಾಠಿಣ್ಯದಿಂದಲ್ಲ, ಈ ಲಕ್ಷಣಗಳ ಅಭಾವದಿಂದ ಮಾತ್ರ ವಿಮರ್ಶೆ ನಿಂದೆಯ ಮಟ್ಟಕ್ಕೆ ಇಳಿಯುತ್ತದೆ.

ಗುರುವಿನ ಕೈಯಲ್ಲಿರುವ ಅಧಿಕಾರ ಸಾಮಾನ್ಯವಾದುದಲ್ಲ. ಶಿಷ್ಯನು ತನ್ನ ಮನಸ್ಸನ್ನೂ ಧನವನ್ನೂ ಕೆಲವೊಮ್ಮೆ ಇಡೀ ಬದುಕನ್ನೂ ಆ ಕೈಗೆ ಒಪ್ಪಿಸಿರುತ್ತಾನೆ. ಪ್ರಶ್ನೆಯೇ ಪಾಪವೆಂದಾದಲ್ಲಿ ವಂಚಕನಿಗೂ ಜ್ಞಾನಿಗೂ ಭೇದ ಕಾಣಿಸುವ ಮಾರ್ಗ ಮುಚ್ಚಿಹೋಗುತ್ತದೆ; ಅದರಿಂದ ಲಾಭವಾಗುವುದು ವಂಚಕನಿಗೆ ಮಾತ್ರ. ನಿಜವಾದ ಗುರುವಿಗೆ ಪ್ರಶ್ನೆಯಿಂದ ನಷ್ಟವೇನೂ ಇಲ್ಲ. ಈ ಅರ್ಥದಲ್ಲಿ ವಿಮರ್ಶೆಯು ಗುರುಭಕ್ತಿಯ ವಿರೋಧಿಯಲ್ಲ, ಅದರ ಕಾವಲು. ಗುರುವಿಗೆ ಅಗ್ರಸ್ಥಾನವಿತ್ತ ಪರಂಪರೆಯೇ ಗುರುವನ್ನು ಪ್ರಶ್ನಿಸಿದವರ ಮಾತುಗಳನ್ನೂ ಶತಮಾನಗಳ ಕಾಲ ಜೋಪಾನವಾಗಿ ಕಾಪಾಡಿಕೊಂಡು ಬಂದಿರುವುದು ಈ ತಿಳಿವಳಿಕೆಗೆ ಸಾಕ್ಷಿಯಾಗಿದೆ.